ಎದೆ ಉರಿ ಬೇರೆ, ತುತ್ತು ಸಿಕ್ಕಿಕೊಳ್ಳುವುದು ಬೇರೆ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ 61 ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದಾರೆ. ಹತ್ತು ಹನ್ನೆರಡು ವರ್ಷದಿಂದ ಎದೆ ಉರಿ, ಹುಳಿತೇಗು. ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತಂದು ನುಂಗುತ್ತಾರೆ. ಈಗ ಎರಡು ತಿಂಗಳಿಂದ ದೋಸೆ, ಚಪಾತಿ ತಿಂದರೆ ಎದೆಯ ನಡುವೆ ಸಿಕ್ಕಿಕೊಂಡ ಹಾಗೆ ಆಗುತ್ತದಂತೆ. ನೀರು ಕುಡಿದರೆ ಇಳಿಯುತ್ತದೆ. ತೂಕವೂ ಸ್ವಲ್ಪ ಇಳಿದಿದೆ. ವಿಚಿತ್ರ ಅಂದರೆ ಉರಿ ಮೊದಲಿಗಿಂತ ಕಡಿಮೆಯಾಗಿದೆ, ಹಾಗಾಗಿ ಅಪ್ಪ 'ಗುಣ ಆಗ್ತಾ ಇದೆ' ಅನ್ನುತ್ತಾರೆ. ಆಯಿ (ಅಮ್ಮ) ಪಿತ್ತ ಅನ್ನುತ್ತಾಳೆ. ಕವಳ (ಎಲೆ ಅಡಿಕೆ) ಹಾಕುವ ಅಭ್ಯಾಸ ಇದೆ, ತಂಬಾಕು ಸೇರಿಸಿಯೇ. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವುದು) ಅಂದರೆ ಹೆದರುತ್ತಾರೆ. ಮಾಡಿಸಲೇಬೇಕಾ?

ಉತ್ತರ: ಮಾಡಿಸಲೇಬೇಕು. ಅಡಿಕೆ ಕೊನೆಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದೆ ಹಾಕಬೇಡಿ. ಈ ವಾರ ಆಗದಿದ್ದರೆ ಮುಂದಿನ ವಾರ, ಅದಕ್ಕಿಂತ ಆಚೆ ಬೇಡ.

ಹೀಗೆ ಅಂದ ತಕ್ಷಣ 'ಡಾಕ್ಟರು ಕ್ಯಾನ್ಸರ್ ಅಂದುಬಿಟ್ರು' ಅಂತ ಮನೆಯಲ್ಲಿ ಅಳು ಶುರುವಾಗುವುದು ಬೇಡ. ನಾನು ಹಾಗೆ ಹೇಳಿಲ್ಲ. ನಿಮ್ಮ ಅಪ್ಪನಿಗೆ ಏನಾಗಿದೆ ಅಂತ ಇಲ್ಲಿ ಕೂತು ಹೇಳಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಅದಕ್ಕೇ ಒಳಗೆ ನೋಡಬೇಕು ಅನ್ನುವುದು. ಎದೆ ಉರಿ ಒಂದು ಕಥೆ. ತುತ್ತು ಸಿಕ್ಕಿಕೊಳ್ಳುವುದು ಬೇರೆಯೇ ಕಥೆ. ಎರಡನ್ನೂ ಒಂದೇ 'ಗ್ಯಾಸು' ಅನ್ನುವ ಚೀಲಕ್ಕೆ ತುಂಬುತ್ತೇವಲ್ಲ, ಅಲ್ಲೇ ತಿಂಗಳುಗಳು ಹಾಳಾಗುವುದು.

ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸದ ಕೊಳವೆ. ಅದು ಬರೀ ಪೈಪು ಅಲ್ಲ. ತುತ್ತನ್ನು ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ, ನೀವು ತಲೆಕೆಳಗಾಗಿ ನಿಂತು ನುಂಗಿದರೂ ತುತ್ತು ಹೊಟ್ಟೆಯ ಕಡೆಗೇ ಹೋಗುತ್ತದೆ. ಅದರ ಕೆಳತುದಿಯಲ್ಲಿ ಬಳೆಯ ಹಾಗೆ ಸುತ್ತಿಕೊಂಡ ಸ್ನಾಯು ಇದೆ, ಬಾಗಿಲು ಅಂತ ಇಟ್ಟುಕೊಳ್ಳಿ. ತುತ್ತು ಬಂದಾಗ ತೆರೆಯಬೇಕು, ಉಳಿದ ಹೊತ್ತು ಮುಚ್ಚಿರಬೇಕು. ಈ ಬಾಗಿಲು ಸಡಿಲವಾದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತದೆ. ಹೊಟ್ಟೆಯ ಒಳಪದರಕ್ಕೆ ಆಮ್ಲ ತಡೆಯುವ ಲೋಳೆಯ ಕವಚ ಇದೆ, ಅನ್ನನಾಳಕ್ಕೆ ಅಂಥದ್ದು ಇಲ್ಲ. ಹಾಗಾಗಿ ಸುಡುತ್ತದೆ. ಇಷ್ಟೇ ಎದೆ ಉರಿ. ಆಯಿ ಹೇಳುವ ಪಿತ್ತ ಪೂರ್ತಿ ಸುಳ್ಳಲ್ಲ, ಕೆಲವರಿಗೆ ಆಮ್ಲದ ಜೊತೆ ಪಿತ್ತರಸವೂ ಮೇಲೆ ಬರುತ್ತದೆ, ಆದರೆ ತುತ್ತು ಸಿಕ್ಕುವುದಕ್ಕೆ ಅದರ ಮೇಲೆ ಹೊಣೆ ಹೊರಿಸಿ ಸುಮ್ನೆ ಕೂರುವ ಹಾಗಿಲ್ಲ.

ನಮ್ಮ ಕಡೆಯ ಊಟ ನೋಡಿ. ಮಧ್ಯಾಹ್ನ ಗಡದ್ದಾಗಿ ಅನ್ನ, ಸಾರು, ಹುಳಿ, ಮಜ್ಜಿಗೆ. ಕೊನೆಗೆ ಅಪ್ಪೆಹುಳಿ (ಮಾವಿನಕಾಯಿಯ ಹುಳಿ ನೀರುಸಾರು), ಅದೂ ಒಂದು ಲೋಟ ಅಲ್ಲ, ಎರಡು. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅನ್ನುವುದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಕುಡಿದವರು ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡು ಅಲ್ಲೇ ಜಗಲಿಯ ಮೇಲೆ ಅಡ್ಡಾಗುತ್ತಾರೆ. ಬಾಗಿಲು ಸಡಿಲ ಇದ್ದವನಿಗೆ ಇದಕ್ಕಿಂತ ಒಳ್ಳೆಯ ಕಿತಾಪತಿ ಬೇರೆ ಬೇಡ. ಅಪ್ಪೆಹುಳಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಕುಡಿದು ಮಲಗಬೇಡಿ ಅನ್ನುತ್ತೇನೆ ಅಷ್ಟೇ. ಅಡಿಕೆ ಸುಲಿಯುವ ಕಾಲದ್ದು ಇನ್ನೊಂದು. ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ರಾತ್ರಿ ಹನ್ನೊಂದರವರೆಗೆ ಸುಲಿಯುವುದು, ನಡುವೆ ಮೂರು ಸಲ ಚಾ, ನಾಲ್ಕು ಸಲ ಕವಳ, ಆಮೇಲೆ ಊಟ, ಊಟ ಆದ ಹತ್ತು ನಿಮಿಷಕ್ಕೆ ಹಾಸಿಗೆ. ಬಗ್ಗಿ ಕೂತಾಗ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ, ಬಾಗಿಲು ತಡೆಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಎದೆ ಉರಿ ಅಂತ ಬರುವ ತೋಟದವರನ್ನು ನಾನು ಮೊದಲು ಕೇಳುವುದೇ 'ಸುಲಿ ಎಷ್ಟು ದಿನದಿಂದ ನಡೀತಾ ಇದೆ' ಅಂತ.

ಈಗ ನಿಮ್ಮ ಅಪ್ಪನ ವಿಷಯ. ವರ್ಷಗಟ್ಟಲೆ ಆಮ್ಲ ಸುಟ್ಟ ಜಾಗದಲ್ಲಿ ಹುಣ್ಣಾಗುತ್ತದೆ, ಮಾಯುತ್ತದೆ, ಮತ್ತೆ ಆಗುತ್ತದೆ. ಹೀಗೆ ಮಾಯ್ದು ಮಾಯ್ದು ಅಲ್ಲಿ ಗಟ್ಟಿ ಕಲೆ ಕಟ್ಟಿ ನಾಳ ಕಿರಿದಾಗಬಹುದು. ಕಿರಿದಾದ ಜಾಗವೇ ಅಡ್ಡ ನಿಂತು ಆಮ್ಲವನ್ನೂ ಮೇಲೆ ಬಿಡುವುದಿಲ್ಲ. ಉರಿ ಕಡಿಮೆ, ತುತ್ತು ಸಿಕ್ಕುವುದು ಜಾಸ್ತಿ. ನೀವು ವಿಚಿತ್ರ ಅಂದಿರಲ್ಲ, ಅದು ಹೀಗೂ ಇರಬಹುದು. ಇನ್ನು ಕೆಲವರಲ್ಲಿ ಆಮ್ಲದ ಕಾಟ ತಡೆಯಲಾರದೆ ಅನ್ನನಾಳದ ಕೆಳಭಾಗದ ಒಳಪದರವೇ ಬದಲಾಗಿ ಕರುಳಿನ ಪದರದ ಹಾಗೆ ಆಗುತ್ತದೆ. ಇದಕ್ಕೆ ಬ್ಯಾರೆಟ್ ಅನ್ನನಾಳ ಅನ್ನುತ್ತಾರೆ. 1950ರಲ್ಲಿ ಇದರ ಬಗ್ಗೆ ಬರೆದ ನಾರ್ಮನ್ ಬ್ಯಾರೆಟ್ ಎಂಬ ಸರ್ಜನ್‌ನ ಹೆಸರು ಅದು. ಈ ಪದರಕ್ಕೆ ಉರಿ ಅಷ್ಟಾಗಿ ಗೊತ್ತಾಗುವುದಿಲ್ಲ. ಇದ್ದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಮಾತ್ರ ಮುಂದೆ ಕ್ಯಾನ್ಸರ್ ಆಗುತ್ತದೆ. ಅದಕ್ಕೇ ಆಗಾಗ ನೋಡಿಕೊಂಡಿರಬೇಕು. ಹಾಗಾಗಿ ಉರಿ ಕಡಿಮೆಯಾಯಿತು ಅನ್ನುವುದನ್ನು ಗುಣ ಅಂತ ಓದಬೇಡಿ. ತುತ್ತು ಸಿಕ್ಕುವವರಲ್ಲಿ ಅದು ನಂಬುವ ಸುದ್ದಿಯಲ್ಲ.

ಮೂರನೆಯದು ಕವಳ. ಇದನ್ನು ಬರೆಯುವಾಗ ನನಗೇ ಕಷ್ಟ ಆಗುತ್ತದೆ, ಯಾಕೆಂದರೆ ನಮ್ಮೂರ ಅರ್ಧ ಮಕ್ಕಳು ಓದಿದ್ದೇ ಅಡಿಕೆ ದುಡ್ಡಿನಲ್ಲಿ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ತಂಬಾಕು ಸೇರಿಸಿದ ಕವಳ ಬಾಯಿ, ಗಂಟಲು ಮಾತ್ರ ಅಲ್ಲ, ಅನ್ನನಾಳದ ಕ್ಯಾನ್ಸರಿಗೂ ಕಾರಣ ಅಂತ ಅದೇ ವರದಿ ಹೇಳುತ್ತದೆ. ರಸ ಉಗುಳುತ್ತೇನೆ, ನುಂಗುವುದಿಲ್ಲ ಅನ್ನುವವರೂ ಸ್ವಲ್ಪ ನುಂಗಿಯೇ ನುಂಗುತ್ತಾರೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಅನ್ನನಾಳದ ಕ್ಯಾನ್ಸರ್ ಆಮ್ಲದಿಂದ ಬರುವುದಲ್ಲ, ತಂಬಾಕು, ಬೀಡಿ, ಸಾರಾಯಿ, ಕವಳದ ಜೊತೆ ನಂಟಿರುವುದು. ಅಂದ ಹಾಗೆ 65 ಡಿಗ್ರಿಗಿಂತ ಜಾಸ್ತಿ ಬಿಸಿ ಇರುವ ಪಾನೀಯವೂ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂತ ಅದೇ ಸಂಸ್ಥೆ 2016ರಲ್ಲಿ ಹೇಳಿದೆ. ಒಲೆಯಿಂದ ಇಳಿಸಿದ ಕಷಾಯವನ್ನು ಹಾಗೇ ಗುಟುಕರಿಸುವುದು ನಮ್ಮಲ್ಲಿ ಒಂದು ಗಂಡಸುತನ. ಐದು ನಿಮಿಷ ಬಿಟ್ಟು ಕುಡಿದರೆ ರುಚಿ ಎಲ್ಲೂ ಓಡಿಹೋಗುವುದಿಲ್ಲ.

ನಿಮ್ಮ ಅಪ್ಪ ಎದುರಿಗೆ ಕೂತಿದ್ದರೆ ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ನೀವೇ ಕೇಳಿ, ಬರೆದಿಟ್ಟುಕೊಳ್ಳಿ. ಗಟ್ಟಿ ಪದಾರ್ಥ ಮಾತ್ರ ಸಿಕ್ಕುತ್ತದೋ ನೀರೂ ಸಿಕ್ಕುತ್ತದೋ? ಮೊದಲು ಚಪಾತಿ, ಆಮೇಲೆ ಅನ್ನ, ಆಮೇಲೆ ಗಂಜಿ, ಹೀಗೆ ವಾರದಿಂದ ವಾರಕ್ಕೆ ಏರುತ್ತಾ ಇದೆಯೋ, ಅಥವಾ ಒಂದು ದಿನ ಸಿಕ್ಕಿ ಹದಿನೈದು ದಿನ ಸುಮ್ನೆ ಇರುತ್ತದೋ? ಈ ಎರಡು ಪ್ರಶ್ನೆಗೇ ಅರ್ಧ ಉತ್ತರ ಸಿಗುತ್ತದೆ. ಗಟ್ಟಿಯದ್ದರಿಂದ ಶುರುವಾಗಿ ಮೆತ್ತಗಿನದ್ದಕ್ಕೆ ಬಂದರೆ ನಾಳ ಎಲ್ಲೋ ಕಿರಿದಾಗುತ್ತಾ ಇದೆ ಅಂತ ಅರ್ಥ. ಆಗೊಮ್ಮೆ ಈಗೊಮ್ಮೆ ದೊಡ್ಡ ತುತ್ತು ಮಾತ್ರ ಸಿಕ್ಕಿದರೆ ಒಳಗೊಂದು ತೆಳು ಉಂಗುರ ಇರಬಹುದು, ಅಲರ್ಜಿಯಿಂದ ನಾಳ ಊದಿಕೊಳ್ಳುವ ಕಾಯಿಲೆಯೂ ಇರಬಹುದು. ಇದು ಉಬ್ಬಸ, ಅಲರ್ಜಿ ಇರುವ ಹುಡುಗರಲ್ಲಿ ಜಾಸ್ತಿ.

ಮೊದಲಿನಿಂದಲೇ ನೀರೂ ಅನ್ನವೂ ಎರಡೂ ಸಿಕ್ಕಿದರೆ ಬೇರೆ ಅನುಮಾನ. ಅಂಕೋಲಾ ಕಡೆಯ ಒಬ್ಬ ಹೆಂಗಸು ನೆನಪಾಗುತ್ತಾರೆ. ಮೂವತ್ತೈದರ ಒಳಗಿನ ವಯಸ್ಸು. ಮನೆಯವರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುವುದು, ಎರಡು ತುತ್ತಿಗೆ ಒಂದು ಚೊಂಬು ನೀರು, ಎರಡೂ ಕೈ ಮೇಲೆತ್ತಿ ಎದೆ ಉಬ್ಬಿಸಿ ಇಳಿಸಿಕೊಳ್ಳುವುದು. ಇಳಿಯದಿದ್ದರೆ ಹಿತ್ತಲಿಗೆ ಹೋಗಿ ಕಕ್ಕುವುದು. ಬೆಳಿಗ್ಗೆ ತಲೆದಿಂಬಿನ ಮೇಲೆ ರಾತ್ರಿಯ ಅನ್ನದ ಅಗುಳು. ಹುಳಿ ವಾಸನೆ ಇಲ್ಲ, ತಿಂದದ್ದು ತಿಂದ ಹಾಗೇ. ಮನೆಯವರು ಮನಸ್ಸಿನ ಕಾಯಿಲೆ ಅಂದರು, ನಾಲ್ಕು ವರ್ಷ ಹಾಗೇ ಹೋಯಿತು. ಅವರಿಗಿದ್ದದ್ದು ಅಕಲೇಶಿಯಾ. ಅನ್ನನಾಳದ ಗೋಡೆಯಲ್ಲಿರುವ ನರಕೋಶಗಳು ಸತ್ತು, ಕೆಳಗಿನ ಬಾಗಿಲು ತೆರೆಯುವುದನ್ನೇ ಮರೆತುಬಿಡುತ್ತದೆ. ಎದೆ ಉರಿಯಲ್ಲಿ ಬಾಗಿಲು ಮುಚ್ಚುವುದಿಲ್ಲ, ಇದರಲ್ಲಿ ತೆರೆಯುವುದಿಲ್ಲ. ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ಎಂಬ ದ್ರವ ಕುಡಿಸಿ ಚಿತ್ರ ತೆಗೆದರೆ ಅನ್ನನಾಳ ಮೇಲೆ ಉಬ್ಬಿ, ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪಾಗಿ ಕಾಣುತ್ತದೆ. 1674ರಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ವಿವರಿಸಿದ್ದ. ತಿಮಿಂಗಿಲದಿಂದ ತೆಗೆದ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ, ಅದರಿಂದ ಊಟವನ್ನು ಒಳಗೆ ತಳ್ಳಿಸುತ್ತಿದ್ದ ಪುಣ್ಯಾತ್ಮ! ಈಗ ಬಲೂನಿನಿಂದ ಹಿಗ್ಗಿಸುತ್ತಾರೆ, ಅಥವಾ ಬಿಗಿದ ಸ್ನಾಯುವನ್ನು ಆಪರೇಷನ್ ಮಾಡಿ ಸೀಳುತ್ತಾರೆ. 2008ರಲ್ಲಿ ಜಪಾನಿನ ಇನೋಯೆ ಎಂಬ ವೈದ್ಯರು ಎಂಡೋಸ್ಕೋಪಿನ ಮೂಲಕ, ಅಂದರೆ ಬಾಯಿಯಿಂದಲೇ ಒಳಗೆ ಹೋಗಿ, ಹೊಟ್ಟೆಯ ಮೇಲೆ ಗೆರೆ ಎಳೆಯದೆ ಇದನ್ನು ಮಾಡಿ ತೋರಿಸಿದರು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಈಗ ಮಾಡುತ್ತಾರೆ. ಆ ಹೆಂಗಸು ಆಪರೇಷನ್ ಆಗಿ ತಿಂಗಳ ಮೇಲೆ ಬಂದಾಗ ಹೇಳಿದ್ದು ಒಂದೇ ಮಾತು, 'ಡಾಕ್ಟ್ರೇ, ಮದುವೆಮನೆ ಪಂಕ್ತಿಯಲ್ಲಿ ಕೂತು ಉಂಡೆ.'

ಹೆಂಗಸರ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ನಡುವಯಸ್ಸಿನ ಹೆಂಗಸು, ಕಣ್ಣು ಬಿಳಿಚಿದೆ, ನಾಲಿಗೆ ಒರಟು ಹೋಗಿ ನುಣ್ಣಗಾಗಿದೆ, ತುಟಿಯ ತುದಿ ಒಡೆದಿದೆ, ಗಂಟಲಿನ ಹತ್ತಿರವೇ ತುತ್ತು ಸಿಕ್ಕುತ್ತದೆ ಅಂದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ತುಂಬಾ ಕಾಲ ಇದ್ದರೆ ಅನ್ನನಾಳದ ಮೇಲ್ಭಾಗದಲ್ಲಿ ಜೇಡರ ಬಲೆಯಂಥ ತೆಳು ಪರದೆ ಬೆಳೆಯಬಹುದು. ಕಬ್ಬಿಣದ ಅಂಶ ತುಂಬಿಕೊಟ್ಟು ಪರದೆಯನ್ನು ಬಿಡಿಸಿದರೆ ಸರಿಹೋಗುತ್ತದೆ. ಆದರೆ ಇವರಲ್ಲೂ ಮುಂದೆ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಜಾಸ್ತಿ, ಹಾಗಾಗಿ ಒಮ್ಮೆ ಸರಿಯಾಯಿತು ಅಂತ ಮರೆಯುವ ಹಾಗಿಲ್ಲ.

ಮಾತ್ರೆಯ ಬಗ್ಗೆ. ನಿಮ್ಮ ಅಪ್ಪ ತಿನ್ನುವುದು ಪ್ಯಾಂಟೊಪ್ರಜೋಲ್ ಇರಬೇಕು, ಎಲ್ಲರೂ ಅದನ್ನೇ ತಿನ್ನುವುದು. ಒಳ್ಳೆಯ ಮಾತ್ರೆಯೇ. ತಿನ್ನುವ ಹೊತ್ತು ಮಾತ್ರ ತಪ್ಪು. ತಿಂಡಿ ಆದ ಮೇಲೆ, ಉರಿ ಬಂದ ಮೇಲೆ ನುಂಗುತ್ತಾರೆ. ಅದನ್ನು ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಆಮ್ಲದ ಪಂಪುಗಳು ಊಟಕ್ಕೆ ಎಚ್ಚರ ಆಗುವ ಹೊತ್ತಿಗೆ ಮಾತ್ರೆ ರಕ್ತದಲ್ಲಿ ತಯಾರಿರಬೇಕು. ಹೆಸರಿನ ಕೊನೆಗೆ ಡಿ ಅಂತ ಇರುವ ಮಾತ್ರೆಯಲ್ಲಿ ಡಾಂಪೆರಿಡೋನ್ ಕೂಡ ಇರುತ್ತದೆ. ಅದನ್ನು ವಯಸ್ಸಾದವರು, ಹೃದಯದ ತೊಂದರೆ ಇರುವವರು ಕೇಳದೆ ವರ್ಷಗಟ್ಟಲೆ ತಿನ್ನಬಾರದು, ಹೃದಯದ ಬಡಿತದ ಲಯ ತಪ್ಪಬಹುದು. ಇನ್ನು ದೊಡ್ಡ ವಿಷಯ ಅಂದರೆ ಇಂಥ ಮಾತ್ರೆ ಒಳಗಿನ ಹುಣ್ಣಿನ ಲಕ್ಷಣವನ್ನು ಮುಚ್ಚಿಡುತ್ತದೆ. ನಮ್ಮ ದೊಡ್ಡಪ್ಪನಿಗೆ ಹಾಗೇ ಆಯಿತು. ಎಂಟು ತಿಂಗಳು ಒಂದು ದವಾಖಾನೆಯಲ್ಲಿ ಮಾತ್ರೆ ಬದಲಿಸಿ ಬದಲಿಸಿ ಕೊಟ್ಟರು, ಯಾರೂ 'ನುಂಗಲು ಕಷ್ಟ ಆಗ್ತದಾ' ಅಂತ ಒಂದು ಮಾತು ಕೇಳಲಿಲ್ಲ. ನಾನಾಗ ಓದುತ್ತಿದ್ದೆ, ಊರಿಗೆ ಬಂದಾಗ ಅವರು ದೋಸೆಯನ್ನು ಚಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದರು. ಕಂಡೆ, ಏನೂ ಹೊಳೆಯಲಿಲ್ಲ. ಇವತ್ತಿಗೂ ಯಾರಾದರೂ ದೋಸೆ ಅದ್ದಿ ತಿಂದರೆ ನನ್ನ ಕಣ್ಣು ಅಲ್ಲೇ ಹೋಗುತ್ತದೆ.

ಮಾತ್ರೆಯೇ ಗಾಯ ಮಾಡುವುದೂ ಉಂಟು. ಮಳೆಗಾಲದಲ್ಲಿ ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರಲ್ಲ, ಅದನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಹಾಗೇ ಮಲಗಿದರೆ ಮಾತ್ರೆ ಅನ್ನನಾಳದ ನಡುವೆ ಅಂಟಿಕೊಂಡು ಅಲ್ಲೇ ಕರಗಿ ಸುಡುತ್ತದೆ. ಮರುದಿನ ಉಗುಳು ನುಂಗಲೂ ಪ್ರಾಣ ಹೋಗುವ ನೋವು. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಮಾತ್ರೆ, ಕಬ್ಬಿಣದ ಮಾತ್ರೆ, ಮೈಕೈ ನೋವಿನ ಮಾತ್ರೆ ಎಲ್ಲಕ್ಕೂ ಇದೇ ಮಾತು. ಕೂತು ಅಥವಾ ನಿಂತು, ಒಂದು ದೊಡ್ಡ ಲೋಟ ನೀರಿನಲ್ಲಿ ನುಂಗಿ. ಅರ್ಧ ಗಂಟೆ ಮಲಗಬೇಡಿ. ಕಾರವಾರ, ಅಂಕೋಲಾದ ಓದುಗರಿಗೆ ಮೀನಿನ ಮುಳ್ಳಿನ ಬಗ್ಗೆಯೂ ಒಂದು ಮಾತು. ಮುಳ್ಳು ಸಿಕ್ಕಿದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿ ತಳ್ಳುವುದು ನಮ್ಮಲ್ಲಿ ರೂಢಿ. ಎಷ್ಟೋ ಸಲ ಹೋಗುತ್ತದೆ, ಕೆಲವು ಸಲ ಮುಳ್ಳು ಇನ್ನೂ ಆಳಕ್ಕೆ ಚುಚ್ಚಿ ಅನ್ನನಾಳ ತೂತಾಗುತ್ತದೆ. ನುಂಗುವಾಗ ಚುಚ್ಚು ನೋವು ಹೋಗದೇ ಇದ್ದರೆ ರಾತ್ರಿ ಕಳೆಯುವುದಕ್ಕೆ ಕಾಯಬೇಡಿ.

ಎಂಡೋಸ್ಕೋಪಿ ಹೆದರಿಕೆಗೆ ಬರುತ್ತೇನೆ. ಅಪ್ಪನಿಗೆ ಹೀಗೆ ಹೇಳಿ. ಹಿಂದಿನ ರಾತ್ರಿ ಊಟ ಬೇಗ ಮುಗಿಸಬೇಕು, ಬೆಳಿಗ್ಗೆ ಖಾಲಿ ಹೊಟ್ಟೆ. ಗಂಟಲಿಗೆ ಒಂದು ಸ್ಪ್ರೇ ಹೊಡೆಯುತ್ತಾರೆ, ಕಹಿ ಇರುತ್ತದೆ, ಗಂಟಲು ಮರಗಟ್ಟುತ್ತದೆ. ಎಡಮಗ್ಗುಲಿಗೆ ಮಲಗಿಸುತ್ತಾರೆ. ಕಿರುಬೆರಳಿನಷ್ಟು ದಪ್ಪದ ಮೆತ್ತಗಿನ ಕೊಳವೆ, ತುದಿಯಲ್ಲಿ ಕ್ಯಾಮೆರಾ. ಗಂಟಲು ದಾಟುವಾಗ ಒಂದೆರಡು ಸಲ ಓಕರಿಕೆ ಬರುತ್ತದೆ, ಅಷ್ಟೇ ಕಷ್ಟ. ಉಸಿರು ಕಟ್ಟುವುದಿಲ್ಲ, ಕೊಳವೆ ಹೋಗುವುದು ಉಸಿರಿನ ದಾರಿಯಲ್ಲಿ ಅಲ್ಲ. ಐದರಿಂದ ಹತ್ತು ನಿಮಿಷ. ತುಂಬಾ ಹೆದರುವವರಿಗೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಆಗ ಜೊತೆಗೊಬ್ಬರು ಬೇಕು, ಆ ದಿನ ಬೈಕು ಓಡಿಸುವಂತಿಲ್ಲ. ಅನುಮಾನ ಕಂಡರೆ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದು ನೋಯುವುದಿಲ್ಲ. ಚೂರು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆ ಅನ್ನುವ ಮಾತು ಶಿರಸಿ ಪೇಟೆಯಿಂದ ಹೊನ್ನಾವರದ ಬಂದರಿನವರೆಗೂ ಕೇಳಿದ್ದೇನೆ. ಆ ಹೆದರಿಕೆಯಲ್ಲಿ ಪರೀಕ್ಷೆ ಬಿಡಬೇಡಿ, ಚೂರು ತೆಗೆಯದೆ ಕಾಯಿಲೆ ಯಾವುದು ಅಂತಲೇ ತಿಳಿಯುವುದಿಲ್ಲ. ನಾಳ ಕಲೆಯಿಂದ ಕಿರಿದಾಗಿದ್ದರೆ ಎಂಡೋಸ್ಕೋಪಿನಲ್ಲೇ ಹಿಗ್ಗಿಸಬಹುದು, ಅದೂ ಕೆಲವರಿಗೆ ಎರಡು ಮೂರು ಸಲ ಬೇಕಾಗುತ್ತದೆ. ಕ್ಯಾನ್ಸರೇ ಆಗಿದ್ದರೂ ಬೇಗ ಸಿಕ್ಕಿದ್ದಕ್ಕೂ ತಡವಾಗಿ ಸಿಕ್ಕಿದ್ದಕ್ಕೂ ಚಿಕಿತ್ಸೆಯಲ್ಲಿ ಭೂಮಿ ಆಕಾಶದ ಅಂತರ.

ಹುಬ್ಬಳ್ಳಿಯೋ ಮಣಿಪಾಲವೋ ಅಂತ ಕೇಳುವವರು ಜಾಸ್ತಿ. ಮೊದಲ ಎಂಡೋಸ್ಕೋಪಿಗೆ ಅಷ್ಟು ದೂರ ಹೋಗಲೇಬೇಕು ಅಂತಿಲ್ಲ, ಹತ್ತಿರದಲ್ಲಿ ಎಲ್ಲಿ ಬೇಗ ಆಗುತ್ತದೋ ಅಲ್ಲಿ ಮಾಡಿಸಿ. ರೇಷನ್ ಕಾರ್ಡು, ಆಧಾರ್, ಹಳೆಯ ಚೀಟಿ, ತಿನ್ನುತ್ತಿರುವ ಮಾತ್ರೆಯ ಖಾಲಿ ಹಾಳೆ ಎಲ್ಲ ತಗೊಂಡು ಹೋಗಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಒಂದು ಎಚ್ಚರಿಕೆ. ಎದೆ ಉರಿ ಅಂದುಕೊಂಡದ್ದು ಹೃದಯದ್ದೂ ಆಗಿರಬಹುದು. ಗುಡ್ಡ ಹತ್ತುವಾಗ, ಅಡಿಕೆ ಮೂಟೆ ಹೊರುವಾಗ ಎದೆ ಬಿಗಿಯುವುದು, ನಿಂತು ಸುಧಾರಿಸಿಕೊಂಡರೆ ಕಡಿಮೆಯಾಗುವುದು, ಬೆವರು ಬರುವುದು, ಎಡಗೈಗೋ ದವಡೆಗೋ ನೋವು ಹರಿಯುವುದು ಇದ್ದರೆ ಮೊದಲು ಇಸಿಜಿ. ಈನೋ, ಸೋಡಾ ಕುಡಿದು ತೇಗು ಬರಲಿ ಅಂತ ಕಾದವರು ದಾರಿಯಲ್ಲೇ ಹೋದದ್ದು ನೋಡಿದ್ದೇನೆ.

ಎಂಡೋಸ್ಕೋಪಿ ಆಗುವವರೆಗೆ ಏನು ಉಣ್ಣಿಸಬೇಕು ಅಂತ ಆಯಿ ಕೇಳಿಯೇ ಕೇಳುತ್ತಾರೆ. ಕುಚ್ಚಲಕ್ಕಿ ಗಂಜಿ, ಮೆತ್ತಗೆ ಕಲಸಿದ ಅನ್ನ, ತಂಬುಳಿ, ಬೇಯಿಸಿ ಕಿವುಚಿದ ಬಾಳೆಕಾಯಿ. ಚಪಾತಿ, ಒಣ ದೋಸೆ, ಹಲಸಿನ ತೊಳೆ, ನಾರಿನ ಮಾವಿನಹಣ್ಣು ಬೇಡ. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ, ನೆಟ್ಟಗೆ ಕೂತು, ಜಗಿದು. ತೂಕ ಇಳಿದಿದೆ ಅಂದಿರಿ, ಹಾಗಾಗಿ ಗಂಜಿಗೆ ಒಂದು ಚಮಚ ತುಪ್ಪ ಧಾರಾಳವಾಗಿ ಹಾಕಲಿ. ರಾತ್ರಿ ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಇರಲಿ. ಮಂಚದ ತಲೆದೆಸೆಯ ಎರಡು ಕಾಲಿನ ಅಡಿಗೆ ಚಿರೇಕಲ್ಲಿನ ತುಂಡು ಇಟ್ಟು ಒಂದು ಗೇಣಿನಷ್ಟು ಎತ್ತರಿಸಿ, ತಲೆದಿಂಬು ಹೆಚ್ಚಿಸಿದರೆ ಪ್ರಯೋಜನ ಇಲ್ಲ, ಕುತ್ತಿಗೆ ನೋಯುತ್ತದೆ ಅಷ್ಟೇ. ಎಡಮಗ್ಗುಲಿಗೆ ಮಲಗಲಿ. ತಂಬಾಕು ಇವತ್ತಿನಿಂದಲೇ ಬಿಡಬೇಕು, ಕವಳವನ್ನೂ.

ನಡುವೆ ಒಂದು ದಿನ ತುತ್ತು ಪೂರ್ತಿ ಕೂತುಬಿಟ್ಟು, ನೀರೂ ಇಳಿಯದೆ, ಬಾಯಿಂದ ಉಗುಳು ಸುರಿಯಲು ಶುರುವಾದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಮಲ ಡಾಂಬರಿನ ಹಾಗೆ ಕಪ್ಪಾದರೆ ಅಪಾಯಿಂಟ್‌ಮೆಂಟ್ ದಿನ ನೋಡುತ್ತಾ ಕೂರಬೇಡಿ. ಬೆನ್ನಿಗೆ ಗುದ್ದುವುದು, ಮತ್ತೆ ಮತ್ತೆ ನೀರು ಕುಡಿಸುವುದು ಮಾಡದೆ, ಕೂರಿಸಿಕೊಂಡೇ, ಮಲಗಿಸದೆ, ಆ ಹೊತ್ತಿಗೇ ಗಾಡಿ ಹತ್ತಿಸಿ. ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ರಾತ್ರಿ ಡಾಕ್ಟರು ಸಿಗುತ್ತಾರಾ ಅಂತ ಕೇಳಿಕೊಂಡು ಹೊರಡಿ. ಆ ಫೋನ್ ನಂಬರನ್ನು ಈಗಲೇ ಹುಡುಕಿ ಆಯಿಯ ಮೊಬೈಲಿಗೆ ಹಾಕಿಡಿ.